ಗಾಳದ ಗುಂಡು

ವಿಷಯಸುಖಕ್ಕೆ ಸಿಲುಕಿದ ಜೀವವನ್ನು ಗಾಳ ಕಚ್ಚಿದ ಮೀನಿಗೆ ಹೋಲಿಸುವುದು ನಮ್ಮ ಸಾಹಿತ್ಯದಲ್ಲಿ ಬಹು ಹಳೆಯ ರೂಢಿ. ಗಾಳ, ಎರೆ, ಮೀನು ಈ ಮೂರಕ್ಕೂ ಕಾವ್ಯದಲ್ಲಿ ಸ್ಥಾನ ದೊರೆತಿದೆ. ಆದರೆ ಗಾಳವನ್ನು ನೀರಿನ ತಳಕ್ಕೆ ಒಯ್ದು ಅಲ್ಲಿ ನಿಲ್ಲಿಸುವ ಭಾರದ ಗುಂಡನ್ನು ನೆನೆದ ಕನ್ನಡ ಕವಿಯನ್ನು ನಾನು ಕಂಡಿಲ್ಲ. ಗ್ರೀಕರ ಹೋಮರನು ಅದನ್ನು ಮರೆತಿಲ್ಲ. 'ಇಲಿಯಡ್' ಕಾವ್ಯದ ಕೊನೆಯ ಸರ್ಗದಲ್ಲಿ ದೇವದೂತಿಯೊಬ್ಬಳು ಕಡಲಿಗೆ ಧುಮುಕುವ ವೇಗವನ್ನು ಆತನು ಬೆಸ್ತನ ಸೀಸದ ಗುಂಡಿಗೆ ಹೋಲಿಸಿದ್ದಾನೆ. ಈ ಅಲ್ಪವಸ್ತುವಿನ ಚರಿತ್ರೆಯನ್ನು ಕೇಳುಗರ ಮುಂದಿಡುವುದು ಇಂದಿನ ನನ್ನ ಉದ್ದೇಶ.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದ ಕಡೆಯ ಒಂದು ಕಡಲತಡಿಯ ಹಳ್ಳಿಯಲ್ಲಿ. ಐವತ್ತು ವರ್ಷಗಳಿಗೂ ಹಿಂದೆ ನೆರೆಮನೆಯ ಅಜ್ಜನೊಬ್ಬನು ತೆರೆ ಒಡೆಯುವ ಮಳಲಿನ ಅಂಚಿನಲ್ಲಿ ನಿಂತು ಕಾಣೆ ಮೀನಿಗೆ ಗಾಳ ಎಸೆಯುತ್ತಿದ್ದನು. ಎಸೆಯುವ ಮೊದಲು ಆತನು ಮೀನನ್ನು ಹುಡುಕುತ್ತಿರಲಿಲ್ಲ; ನೀರನ್ನು ನೋಡುತ್ತಿದ್ದನು, ಕಾಲಿನಿಂದ ಮಳಲನ್ನು ಒತ್ತಿ ನೋಡುತ್ತಿದ್ದನು. ಅನಂತರ ಚೀಲದಿಂದ ಒಂದು ಗುಂಡನ್ನು ಆರಿಸುತ್ತಿದ್ದನು. "ಮೀನ್ ಹಿಡೂದ್ ಗಾಳ ಮಾಣಿ, ಗಾಳನ ಹಿಡೂದ್ ಗುಂಡ್" ಎಂಬುದು ಆತನ ಮಾತು. ಛಂದಸ್ಸಿನ ಪಾಠ ಹೇಳುವಾಗ ಗುರು, ಲಘುಗಳನ್ನು ವಿವರಿಸುತ್ತ ನಾನು ಎಷ್ಟೋ ಸಲ ಆ ಚೀಲವನ್ನು ನೆನೆದಿದ್ದೇನೆ. ಗುರುವು ತಕ್ಕ ಸ್ಥಾನದಲ್ಲಿ ಇಲ್ಲದಿದ್ದರೆ ಸಾಲು ನಿಲ್ಲುವುದಿಲ್ಲ.

ಮೊದಲ ಗುಂಡು ಕಲ್ಲೇ ಆಗಿದ್ದಿರಬೇಕು. ಅದರ ನಡುವಿಗೆ ಗಾಡಿ ಕೊರೆದು ಹುರಿ ಕಟ್ಟಿದರೆ ಕೆಲಸ ಮುಗಿಯಿತು. ಹರಪ್ಪ ಸಂಸ್ಕೃತಿಯ ನೆಲೆಗಳಲ್ಲಿ ತಾಮ್ರದ ಗಾಳಗಳೊಂದಿಗೆ ಬಲೆಗೆ ಕಟ್ಟುವ ಸುಟ್ಟ ಮಣ್ಣಿನ ಗುಂಡುಗಳೂ ದೊರೆತಿವೆ. ತುರ್ಕಿಯ ಉಲುಬುರುನ್ ಎಂಬಲ್ಲಿ ಸುಮಾರು 3,300 ವರ್ಷಗಳ ಹಿಂದೆ ಮುಳುಗಿದ ಹಡಗೊಂದು 1982ರಲ್ಲಿ ಪತ್ತೆಯಾಯಿತು. ಅದರಲ್ಲಿ ಬಲೆಯ ಸೀಸದ ಗುಂಡುಗಳಿದ್ದವು. ಹೋಮರನಿಗಿಂತ ಮೊದಲೇ ಸೀಸವು ಕಡಲಿಗೆ ಇಳಿದಿತ್ತು.

ಕಲ್ಲನ್ನು ಸೀಸವು ಗೆದ್ದುದೇಕೆ? ನೂರು ಗ್ರಾಂ ಕಲ್ಲು ನೀರಿನಲ್ಲಿ ಮುಳುಗಿದೊಡನೆ ಸುಮಾರು 38 ಗ್ರಾಂ ತೂಕವನ್ನು ಕಳೆದುಕೊಳ್ಳುತ್ತದೆ. ಅಷ್ಟೇ ತೂಕದ ಸೀಸವು ಕಳೆದುಕೊಳ್ಳುವುದು ಕೇವಲ 9 ಗ್ರಾಂ. ಸಣ್ಣ ಗಾತ್ರದಲ್ಲಿ ಹೆಚ್ಚು ಭಾರವಿರುವುದರಿಂದ ಗಾಳಿಯನ್ನು ಸೀಳಿ ದೂರ ಹೋಗುತ್ತದೆ. 327 ಡಿಗ್ರಿಗೆ ಕರಗುವುದರಿಂದ ಮನೆಯ ಒಲೆಯೇ ಅದಕ್ಕೆ ಕುಲುಮೆಯಾಗುತ್ತದೆ. ಪ್ರಾಚೀನರಿಗೆ ಅದು ಅಗ್ಗವಾಗಿಯೂ ದೊರೆಯುತ್ತಿತ್ತು. ಅಥೆನ್ಸಿನ ಬಳಿಯ ಲಾರಿಯಮ್ ಗಣಿಗಳಲ್ಲಿ ಬೆಳ್ಳಿಯನ್ನು ತೆಗೆದಾಗ ಜೊತೆಗೆ ಸೀಸವೂ ಹೊರಬರುತ್ತಿತ್ತು.

ಲೋಹವು ನಿಶ್ಚಯವಾದ ಮೇಲೆ ಆಯ್ಕೆಯೆಲ್ಲ ಆಕಾರದ್ದು. ದುಂಡನೆಯದು ಸೆಳೆತದೊಡನೆ ಉರುಳುತ್ತದೆ. ಎರೆಯು ತಳದಲ್ಲಿ ಅಲೆದಾಡಲಿ ಎನ್ನುವವನಿಗೆ ಅದು ಸರಿ. ಗೋಪುರವನ್ನು ತಲೆಕೆಳಗು ಮಾಡಿದಂತಹ ನಾಲ್ಕು ಮುಖದ ಗುಂಡು ತನ್ನ ಮೊನೆಯಿಂದ ಮಳಲನ್ನು ಕಚ್ಚಿ ನಿಲ್ಲುತ್ತದೆ, ಆದರೆ ಎಸೆದಾಗ ಗಾಳಿಯಲ್ಲಿ ಹೊರಳುವುದರಿಂದ ದೂರ ಹೋಗದು. ದೂರಕ್ಕೆ ಹನಿಯ ಆಕಾರವೇ ಉತ್ತಮ. ಬಂಡೆಗಳ ನಡುವೆಯೂ ಅದು ಸುಲಭವಾಗಿ ಸಿಕ್ಕಿಕೊಳ್ಳುವುದಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಕಡಲತಡಿಯವರು ಗುಂಡಿಗೆ ನಾಲ್ಕು ತಂತಿಯ ಕಾಲುಗಳನ್ನು ಜೋಡಿಸಿದರು. ಅವು ಲಂಗರಿನಂತೆ ನೆಲವನ್ನು ಹಿಡಿಯುತ್ತವೆ. ದಾರವನ್ನು ಬಲವಾಗಿ ಎಳೆದರೆ ಮಡಚಿಕೊಂಡು ಬಿಟ್ಟುಕೊಡುತ್ತವೆ. ಹಿಡಿಯುವುದನ್ನಷ್ಟೇ ಅಲ್ಲ, ಬಿಡುವುದನ್ನೂ ಗುಂಡಿಗೆ ಕಲಿಸಿದುದು ದೊಡ್ಡ ಯುಕ್ತಿಯೇ ಸರಿ.

ಆದರೆ ದಾರವು ಹರಿದಾಗ ಗುಂಡಿನ ಗತಿಯೇನು? ಈ ಪ್ರಶ್ನೆಯನ್ನು ಮೂರು ಸಾವಿರ ವರ್ಷ ಯಾರೂ ಗಂಭೀರವಾಗಿ ಕೇಳಲಿಲ್ಲ. ಉತ್ತರವನ್ನು ಹಂಸಗಳು ಕೊಟ್ಟವು. ಥೇಮ್ಸ್ ಮೊದಲಾದ ನದಿಗಳಲ್ಲಿ ಹಂಸಗಳು ಆಹಾರವನ್ನು ಅರೆಯಲೆಂದು ತಳದ ಹರಳುಗಳನ್ನು ನುಂಗುತ್ತವೆ. ಹರಳೆಂದು ಸೀಸದ ಮಣಿಗಳನ್ನೂ ನುಂಗುತ್ತಿದ್ದವು. ಆ ವಿಷದಿಂದ ಇಂಗ್ಲೆಂಡಿನಲ್ಲಿ ವರ್ಷಕ್ಕೆ ಸಾವಿರಾರು ಹಂಸಗಳು ಸಾಯುತ್ತಿವೆಯೆಂದು 1981ರ ವರದಿಯೊಂದು ಅಂದಾಜು ಮಾಡಿತು. 1987ರಿಂದ ಅಲ್ಲಿ 0.06 ಗ್ರಾಮಿನಿಂದ 28.35 ಗ್ರಾಂವರೆಗಿನ ಸೀಸದ ಗುಂಡುಗಳ ಮಾರಾಟವು ನಿಂತಿತು. ಹಂಸಗಳ ಸಂಖ್ಯೆ ಮತ್ತೆ ಏರಿತು. ಕಡಲಿಗೆ ಎಸೆಯುವ ದೊಡ್ಡ ಗುಂಡುಗಳು ಆ ನಿಯಮಕ್ಕೆ ಒಳಪಡಲಿಲ್ಲ. ಡೆನ್ಮಾರ್ಕ್ 2002ರಲ್ಲಿ ಇನ್ನೂ ಮುಂದೆ ಹೋಗಿ ಸೀಸದ ಮೀನುಗಾರಿಕೆ ಸಾಮಗ್ರಿಯ ಮಾರಾಟವನ್ನೇ ತಡೆಯಿತು. ಇಂದು ಉಕ್ಕು, ತವರ, ಟಂಗ್‌ಸ್ಟನ್‌ಗಳ ಗುಂಡುಗಳಿವೆ. ಉಕ್ಕು ಸೀಸದಷ್ಟು ಭಾರವಲ್ಲ. ಟಂಗ್‌ಸ್ಟನ್ ಸೀಸಕ್ಕಿಂತ ಭಾರ, ಆದರೆ ಬೆಲೆಯೂ ಭಾರ.

ಈ ಚರಿತ್ರೆಯನ್ನು ಓದುವಾಗ ನನಗೆ ನೆನಪಾದದ್ದು ಹಂಸವಲ್ಲ, ಅಜ್ಜನ ಮನೆಯ ಅಂಗಳ. ಆತನು ಗೆರಟೆಯ ಕೆಂಡದ ಮೇಲೆ ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸುತ್ತಿದ್ದನು. ಕೊಳವೆಯಿಂದ ಬೆಂಕಿ ಊದುತ್ತಿದ್ದವನು ನಾನು. ದಾರಕ್ಕೆ ಸಣ್ಣ ಮಣಿಗಳನ್ನು ಕೂಡಿಸುವಾಗ ಅವುಗಳ ಸೀಳನ್ನು ಹಲ್ಲಿನಿಂದ ಕಚ್ಚಿ ಮುಚ್ಚುವುದು ನನ್ನ ಹೆಮ್ಮೆಯ ಕೆಲಸವಾಗಿತ್ತು. ಮಕ್ಕಳ ಮೆದುಳಿಗೆ ಸೀಸವು ಎಷ್ಟು ಅಲ್ಪವಾದರೂ ಕೇಡೇ ಎಂದು ವೈದ್ಯಶಾಸ್ತ್ರವು ಈಗ ಸಾರುತ್ತಿದೆ. ಅಜ್ಜನಿಗೆ ಅದು ತಿಳಿದಿರಲಿಲ್ಲ. ತಿಳಿದಿದ್ದರೆ ನನ್ನ ಬಾಯಿಗೆ ಅದನ್ನು ಕೊಡುವವನಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ ಊರಿಗೆ ಹೋಗಿದ್ದೆ. ಅದೇ ಮಳಲಿನ ಮೇಲೆ ಹತ್ತು ವರ್ಷದ ಹುಡುಗನೊಬ್ಬನು ಗಾಳ ಸಿದ್ಧಮಾಡುತ್ತ ಮಣಿಯನ್ನು ಹಲ್ಲಿಗೆ ಒಯ್ದನು. "ಮಾಣಿ, ಬಾಯಿಗೆ ಬೇಡ" ಎಂದೆ. ಆತನು ನಕ್ಕು, ಸುತ್ತ ನೋಡಿ, ಎರಡು ಕಲ್ಲುಗಳ ನಡುವೆ ಇಟ್ಟು ಅದನ್ನು ಒತ್ತಿದನು. ಅನಂತರ ಅಜ್ಜನಂತೆಯೇ ಕಾಲಿನಿಂದ ಮಳಲನ್ನು ಒತ್ತಿ ನೋಡಿದನು. ಆ ವಿದ್ಯೆ ಉಳಿಯಲಿ. ನೀರನ್ನೂ ನೆಲವನ್ನೂ ನೋಡಿ ಗುಂಡನ್ನು ಆರಿಸುವವನು, ಅದು ಕೈತಪ್ಪಿ ಹೋದರೆ ಯಾರ ಹೊಟ್ಟೆಗೆ ಸೇರೀತು ಎಂಬುದನ್ನೂ ನೋಡಿದರೆ ಆಯ್ಕೆಯು ಪೂರ್ಣವಾಗುತ್ತದೆ.