ಆಲಮಟ್ಟಿಯ ಬೆಳಕು, ಕೇರಿಯ ಲೆಕ್ಕ

ಅಣೆಕಟ್ಟಿನ ಚರಿತ್ರೆಯನ್ನು ನಾವು ಅಡಿಗಲ್ಲಿನ ಮೇಲೆ ಓದುತ್ತ ಬಂದಿದ್ದೇವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಗೆ ಅಡಿಗಲ್ಲಿಟ್ಟರು. 2005ರಲ್ಲಿ ಕಟ್ಟೆ ಮುಗಿಯಿತು; 290 ಮೆಗಾವಾಟ್ ಕರೆಂಟು ತೆಗೆಯುವ ವಿದ್ಯುದಾಗಾರವೂ ಎದ್ದಿತು. ಕೃಷ್ಣಾ, ಘಟಪ್ರಭಾ ದಂಡೆಯ ಹಳ್ಳಿಗಳು, ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳು ನೀರಿಗೆ ಹೋದವು, ನವನಗರ ಬಂತು. ಕೇರಿಯ ಚರಿತ್ರೆ ಮಾತ್ರ ಯಾವ ಕಲ್ಲಿನ ಮೇಲೂ ಇಲ್ಲ.

ಭೂಮಿ ಹಿಡಿದದ್ದು ಬ್ರಿಟಿಷರ 1894ರ ಕಾನೂನಿನಿಂದ. ಅದು ಎಕರೆ ಅಳೆಯಿತು, ಮನೆ ಅಳೆಯಿತು, ಬಾವಿ, ಗಿಡ ಎಣಿಸಿತು. ಹೊಲಾನೇ ಇಲ್ಲದವರ ಹೆಸರು ಉತಾರದಾಗ ಎಲ್ಲಿಂದ ಬರಬೇಕು? ಆ ಎರೆಹೊಲದ ಕಳೆ ತೆಗೆದವರು, ಜೋಳ ಕೊಯ್ದವರು, ಹತ್ತಿ ಬಿಡಿಸಿದವರು ಯಾರು? ಹೊಲದ ಒಡೆಯನಿಗೆ ಪರಿಹಾರ ಇತ್ತು. ಸಾಲದಿದ್ದರೆ ಕೋರ್ಟಿನ ಹಾದಿ ಇತ್ತು. ಕೂಲಿಯವಳಿಗೆ ಎರಡೂ ಇಲ್ಲ. ಹತ್ತಿಕಟ್ಟಿಗೆ, ಜಾಲಿ, ಕುಳ್ಳು ಎಂದು ಅವಳ ಒಲೆಯ ಉರಿಯೂ ಆ ಹೊಲದಿಂದಲೇ ಬರುತ್ತಿತ್ತು. ಕರೆಂಟು ಹುಟ್ಟಿಸುವ ನೀರು ಮೊದಲು ಆರಿಸಿದ್ದು ಆ ಒಲೆಯನ್ನು.

ಒಬ್ಬರ ದಂಧೆಯ ನಷ್ಟ ಇನ್ನೊಬ್ಬರ ತಲೆ ಮೇಲೆ ಬಿದ್ದರೆ, ತೆರಿಗೆ ಹಾಕಿ ಅದನ್ನು ಬೆಲೆಯೊಳಗೆ ತರಬೇಕೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ವಾದಿಸಿದ. ಇಂಥ ನಷ್ಟಕ್ಕೆ ಅರ್ಥಶಾಸ್ತ್ರದವರು 'ಹೊರಗಿನ ವೆಚ್ಚ' ಎನ್ನುತ್ತಾರೆ. ಊರ ಹೊರಗೆ ಇಟ್ಟ ನಮಗೆ ಈ ಶಬ್ದ ಹೊಸದೇನಲ್ಲ.

ಕರೆಂಟಿನ ಮೇಲೆ ನಮ್ಮಲ್ಲೂ 1959ರ ತೆರಿಗೆ ಕಾಯ್ದೆ ಇದೆ. ಅದು ಉರಿಸಿದ ಕರೆಂಟಿನ ಲೆಕ್ಕ ಹಿಡಿಯುತ್ತದೆ. ಮುಳುಗಿದ ಕೂಲಿಯ ಲೆಕ್ಕ ಅದರಾಗಿಲ್ಲ. 2008ರಿಂದ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ರೈತನಿಗೆ ಸಿಗಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಆ ರೊಕ್ಕ ಬೊಕ್ಕಸದ್ದು; ಸೋಪು, ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಯವಳೂ ಅದಕ್ಕೆ ತೆರಿಗೆ ಕಟ್ಟುತ್ತಾಳೆ. ಹೊಲಾ ಇಲ್ಲ, ಬಾವಿ ಇಲ್ಲ, ಪಂಪೆಲ್ಲಿಂದ ಬಂತು? 2023ರ ಗೃಹಜ್ಯೋತಿ ಗುಡಿಸಲಿಗೂ ಬಂತು, ಒಳ್ಳೇದೇ. ಹೋದ ದುಡಿಮೆ ಅದರಿಂದ ತಿರುಗಿ ಬರಲಿಲ್ಲ.

ಆಲಮಟ್ಟಿಯ ಕೆಳಗೆ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ, ನಾರಾಯಣಪುರದ ಹಿನ್ನೀರಿನಿಂದ ಬಸವಣ್ಣನ ಐಕ್ಯಸ್ಥಳವನ್ನು ಉಳಿಸಲು ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿದರು. ಮನಸ್ಸಿದ್ದರೆ ನೀರಿನ ನಡುವೆಯೂ ಉಳಿಸಬಹುದು. ಕಾಯಕದವರ ಕಾಯಕಕ್ಕೆ ಅಂಥ ಗೋಡೆ ಯಾಕೆ ಏಳಲಿಲ್ಲ?

2013ರ ಹೊಸ ಭೂಸ್ವಾಧೀನ ಕಾಯ್ದೆ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಆ ನೆಲವನ್ನೇ ನಂಬಿ ದುಡಿದ ಭೂಹೀನ ಕೂಲಿಕಾರರನ್ನೂ ಬಾಧಿತರೆಂದು ಒಪ್ಪಿತು. 119 ವರ್ಷ ತಡ. ಇತ್ತ ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದೆ. ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಅಳತೆಯವರು ಬರುವ ಮೊದಲು ನೀವು ಕೇರಿಗೆ ಬರ್ರಿ. ಯಾರು, ಯಾವ ಹೊಲದಾಗ, ಎಷ್ಟು ವರ್ಷ ದುಡಿದರೆಂದು ಬರೆದಿಡ್ರಿ. ಬರೆಯದ ದುಡಿಮೆಗೆ ಸರ್ಕಾರ ಬೆಲೆ ಕಟ್ಟುವುದಿಲ್ಲ.