ನಾಯಂಡಹಳ್ಳಿಯ ಹೊಳೆ, ಬೆಂಗಳೂರಿನ ಒರತೆ

ಮೈಸೂರಿನ ಹೆದ್ದಾರಿ ಹಿಡಿದು ಬೆಂಗಳೂರಿನಿಂದ ಹೊರಟವರಿಗೆ ನಾಯಂಡಹಳ್ಳಿ ಇಂದು ಒಂದು ಕೂಡುರಸ್ತೆಯ ಹೆಸರು. ಹೊರವರ್ತುಲ ರಸ್ತೆ ಹೆದ್ದಾರಿಯನ್ನು ಸಂಧಿಸುವುದು ಅಲ್ಲಿಯೇ. 2021ರಿಂದ ಮೆಟ್ರೋ ರೈಲೂ ಅಲ್ಲಿ ನಿಲ್ಲುತ್ತದೆ. ಮಗ್ಗುಲಲ್ಲಿ ಹರಿಯುವ ಕಪ್ಪು ನೀರನ್ನು ಜನ ಮೋರಿಯೆಂದೇ ಕರೆಯುತ್ತಾರೆ. ಅದು ವೃಷಭಾವತಿ ನದಿ. ಬಸವನಗುಡಿಯ ದೊಡ್ಡಬಸವನ ಪಾದದಲ್ಲಿ ಹುಟ್ಟಿತೆಂಬುದು ಐತಿಹ್ಯ. ಹೆಸರು ಬಂದದ್ದೂ ಅಲ್ಲಿಂದಲೇ. ಈ ನದಿ ಮೋರಿಯಾದ ಬಗೆಯನ್ನು ಬಲ್ಲವರಿಗೆ ಪಟ್ಟಣದ ಬಾವಿಗಳು ಬತ್ತಿದ ಬಗೆಯೂ ಅರ್ಥವಾದೀತು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಬ್ಬದ ಮೇಲಿದೆ. ಪಶ್ಚಿಮಕ್ಕೆ ಬಿದ್ದ ಮಳೆ ಅರ್ಕಾವತಿಯ ಮೂಲಕ ಕಾವೇರಿಗೆ ಇಳಿಯುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ನೆಲದಡಿಯಲ್ಲಿ ಮೊದಲು ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲಿನ ಪದರ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಶಿಥಿಲ ಪದರ ಒದ್ದೆ ಬಟ್ಟೆಯಂತೆ ನೀರನ್ನು ಹಿಡಿದಿಡಬಲ್ಲದು. ಬಂಡೆಯಲ್ಲಾದರೋ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಇಂತಹ ಸೀಮೆಯಲ್ಲಿ ನಮ್ಮ ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಸೇರುವಂತೆ ಕೆರೆಗಳನ್ನು ಸಾಲಾಗಿ ಕಟ್ಟಿದರು. ಕೆರೆಯ ನೀರು ಗದ್ದೆಗೆ ಹರಿಯುವುದರ ಜೊತೆಗೆ ನೆಲಕ್ಕೂ ಇಂಗುತ್ತಿತ್ತು. ಕೆರೆ ತುಂಬಿದ ವರ್ಷ ಊರ ಬಾವಿಗೆ ಗಿಡ್ಡ ಹಗ್ಗ ಸಾಕಾಗುತ್ತಿತ್ತು. ನೀರುಗಂಟಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು.

ಕಾನೂನಿಗೆ ಮಾತ್ರ ಅದು ತಿಳಿದಿರಲಿಲ್ಲ. 1882ರಲ್ಲಿ ಬ್ರಿಟಿಷ್ ಭಾರತದಲ್ಲಿ ಬಂದ ಸುಖಾಧಿಕಾರಗಳ ಕಾಯಿದೆ, ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದಡಿ ಇರುವ ನೀರನ್ನು ತನ್ನ ಜಮೀನಿನ ಎಲ್ಲೆಯೊಳಗೆ ತೆಗೆದುಕೊಳ್ಳುವ ಹಕ್ಕು ಜಮೀನಿನ ಒಡೆಯನಿಗೆ ಉಂಟೆಂದಿತು. ಹಗ್ಗ, ಕೊಡ, ಏತಗಳ ಕಾಲದಲ್ಲಿ ಈ ಹಕ್ಕಿನಿಂದ ಯಾರಿಗೂ ನಷ್ಟವಿರಲಿಲ್ಲ. ಸಾವಿರ ಅಡಿ ಕೊರೆಯುವ ಯಂತ್ರ ಬಂದಮೇಲೆ ಅದೇ ಹಕ್ಕು ನೆರೆಮನೆಯ ಬಾವಿಯನ್ನೂ ಖಾಲಿ ಮಾಡಬಲ್ಲದಾಯಿತು.

ಇತ್ತ 1894ರಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಹೆಸರಘಟ್ಟದಿಂದ ನಲ್ಲಿಯ ನೀರು ತರುವ ಕೆಲಸ ನಡೆಯಿತು. ಅದೂ ಸಾಲದೆ 1933ರ ಹೊತ್ತಿಗೆ ಅರ್ಕಾವತಿ, ಕುಮುದ್ವತಿಗಳ ಸಂಗಮದಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಎದ್ದಿತು. ಮನೆಗೇ ನೀರು ಬಂದಾಗ ಊರ ಕೆರೆಗಳ ಮೇಲಿನ ಅಕ್ಕರೆ ಕಡಿಮೆಯಾಯಿತು. ಧರ್ಮಾಂಬುಧಿಯ ಅಂಗಳ ಮುಂದೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯದು ಕ್ರೀಡಾಂಗಣವಾಯಿತು.

ಇಲ್ಲಿ ಅರ್ಕಾವತಿಯ ಎರಡು ಕಣಿವೆಗಳ ಹಣೆಬರಹ ಬೇರೆಬೇರೆಯಾದುದನ್ನು ಗಮನಿಸಬೇಕು. ಚಾಮರಾಜಸಾಗರಕ್ಕೆ ನೀರು ತರುವ ಮೇಲಿನ ಕಣಿವೆ ಪಟ್ಟಣದ ಕುಡಿಯುವ ಕೊಡ. ನಾಯಂಡಹಳ್ಳಿಯ ಮೂಲಕ ಇಳಿಯುವ ವೃಷಭಾವತಿಯು ಅರ್ಕಾವತಿಯನ್ನು ಸೇರುವುದು ಅಣೆಕಟ್ಟಿನಿಂದ ಬಹು ಕೆಳಗೆ. ಆದುದರಿಂದ ಅದು ಬಚ್ಚಲಾಯಿತು. ಹೀಗಾಗಲಿ ಎಂದು ಯಾರೂ ಅಪ್ಪಣೆ ಕೊಡಿಸಬೇಕಾಗಿರಲಿಲ್ಲ. ನೆಲದ ಇಳಿಜಾರೇ ಅದನ್ನು ತೀರ್ಮಾನಿಸಿತು. ರಾಜಾಜಿನಗರ, ವಿಜಯನಗರ, ನಾಗರಭಾವಿ ಬಡಾವಣೆಗಳು ಬೆಳೆದಂತೆ ಅವುಗಳ ಕೊಳೆ, ಕಾರ್ಖಾನೆಗಳ ನೀರು ಈ ಹೊಳೆಗೆ ಬಂದವು. 1945ರ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯಾಗಲಿ, 1976ರ ಕಾಯಿದೆಯಿಂದ ಬಂದ ಅಭಿವೃದ್ಧಿ ಪ್ರಾಧಿಕಾರವಾಗಲಿ, ನಿವೇಶನದ ಉದ್ದಗಲ, ರಸ್ತೆಯ ಅಗಲ, ಉದ್ಯಾನದ ಪಾಲು ಇವನ್ನು ಅಳೆದವು. ಆ ನಿವೇಶನ ಮೊದಲು ಎಷ್ಟು ಮಳೆ ಕುಡಿಯುತ್ತಿತ್ತೆಂದು ಅಳೆಯುವ ಪರಿಪಾಠ ಬೆಳೆಯಲಿಲ್ಲ. 1974ರಲ್ಲಿ ಕಾವೇರಿಯ ನೀರು ಬಂದ ಮೇಲಂತೂ ಆ ಚಿಂತೆಯೇ ಅನಾವಶ್ಯಕವೆಂಬ ಭಾವನೆ ಹರಡಿತು.

ಹಾಗಾದರೆ ಕಾಪಾಡಿದ ಕಣಿವೆಯ ಗತಿಯೇನು? 2003ರ ನವೆಂಬರಿನಲ್ಲಿ ಸರ್ಕಾರ ಚಾಮರಾಜಸಾಗರದ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಸುತ್ತಲೂ ನದಿಯ ದಡಗಳಲ್ಲಿಯೂ ಕಟ್ಟಡ ಮತ್ತು ಕೈಗಾರಿಕೆಗಳಿಗೆ ಕಡಿವಾಣ ಹಾಕಿತು. ನೀರಿಗಾಗಿ ನೆಲದ ಬಳಕೆಯನ್ನೇ ನಿರ್ಬಂಧಿಸಿದ ಈ ಆಜ್ಞೆ ನಮ್ಮ ನಾಡಿನಲ್ಲಿ ಅಪರೂಪದ್ದು, ಮೆಚ್ಚತಕ್ಕದ್ದು. ಆದರೂ ಕೊಳೆಯೂ ಕೊರತೆಯೂ ಕೂಡಿ 2012ರಲ್ಲಿ ಪಟ್ಟಣಕ್ಕೆ ಅಲ್ಲಿಂದ ನೀರೆತ್ತುವುದು ನಿಂತಿತು. ಮಳೆ ಕಡಿಮೆಯಾಯಿತೆಂದು ಜನ ಹೇಳಿದರು. ಲೆಕ್ಕ ನೋಡಿದ ಸಂಶೋಧಕರು ಹಾಗಲ್ಲವೆಂದರು: ಕೊಳವೆ ಬಾವಿಗಳು ಒರತೆಯನ್ನು ಎಳೆದುಕೊಂಡಿದ್ದವು, ನೀಲಗಿರಿ ತೋಪುಗಳು ತಮ್ಮ ಪಾಲನ್ನು ಹೀರಿದ್ದವು. ಹೊಳೆಗೆ ಬೇಸಿಗೆಯಲ್ಲಿ ನೀರು ಕೊಡುತ್ತಿದ್ದದ್ದು ಅದೇ ಒರತೆ. ದಡದ ಮೇಲೆ ಕಾವಲು ನಿಂತಿತ್ತು; ನೆಲದಡಿಯ ಬಾಗಿಲು ತೆರೆದೇ ಇತ್ತು. 2019ರಲ್ಲಿ ದಡದ ಕಾವಲನ್ನೂ ಸರ್ಕಾರ ಸಡಿಲಿಸಿತು.

ನೆಲದಡಿಯ ನೀರಿಗೆ ಕಾನೂನು ಬಂದದ್ದು ತಡವಾಗಿ. 1999ರ ಕಾಯಿದೆ ಸಾರ್ವಜನಿಕ ಕುಡಿಯುವ ನೀರಿನ ಸೆಲೆಯಿಂದ 500 ಮೀಟರಿನೊಳಗೆ ಹೊಸ ಬಾವಿಗೆ ಅನುಮತಿ ಬೇಕೆಂದಿತು. 2009ರಲ್ಲಿ ಮನೆಗಳಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾಯಿತು. 2011ರ ಕಾಯಿದೆಯಿಂದ ಕೊಳವೆ ಬಾವಿಗಳ ನೋಂದಣಿಯೂ ಒಂದು ಪ್ರಾಧಿಕಾರವೂ ಬಂದವು. ಕೆರೆಗಳ ಅಂಚಿನ ಕಥೆಯೇ ಬೇರೆ: 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರು ಬಿಡಬೇಕೆಂದಿತು, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಲು, ನಗರದ ಮಹಾಯೋಜನೆಯ 30 ಮೀಟರೇ ಮತ್ತೆ ಬಂದಿತು. ಎಷ್ಟು ಗಜ ಬಿಡಬೇಕೆಂದು ಇಷ್ಟೊಂದು ವಾದ ನಡೆದ ಊರಿನಲ್ಲಿ, 2024ರ ಬೇಸಿಗೆ ಬಂದಾಗ ಸಾವಿರಾರು ಕೊಳವೆ ಬಾವಿಗಳು ಒಣಗಿದ್ದವು. ಟ್ಯಾಂಕರಿನ ದರವನ್ನು ಜಿಲ್ಲಾಡಳಿತವೇ ಗೊತ್ತುಮಾಡಬೇಕಾಯಿತು.

ಈಗ ವೃಷಭಾವತಿಯ ಕೊಳೆನೀರನ್ನು ಸಂಸ್ಕರಿಸಿ ನೆಲಮಂಗಲದ ಕಡೆಯ ಕೆರೆಗಳಿಗೆ ಏರಿಸುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಿದೆ. ಬಚ್ಚಲಾದ ಕಣಿವೆಯ ನೀರು, ಕಾಪಾಡಿದ ಕಣಿವೆಯ ಕೆರೆಗಳನ್ನು ತುಂಬಬೇಕಾಗಿ ಬಂದಿದೆಯೆಂದಾಯಿತು. ಕೆರೆ ತುಂಬಿದರೆ ಅದು ಇಂಗುವುದೂ ಖಂಡಿತ. ಆದುದರಿಂದಲೇ ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ನಡೆಯಲಿ ಎಂದು ಕೇಳುವವರಿದ್ದಾರೆ. ಹೊಳೆಯ ಕೆಳಗಣ ಬೈರಮಂಗಲದ ರೈತರು ಈ ನೀರನ್ನು ದಶಕಗಳ ಕಾಲ ಗದ್ದೆಗೆ ಹಾಯಿಸಿದವರು. ತಮ್ಮ ಬಾವಿಗಳ ನೀರು ಏನಾಯಿತೆಂದು ಅವರನ್ನು ಕೇಳಿದರೆ ಹೇಳುತ್ತಾರೆ.