ಹೌದು ಸ್ವಾಮಿ

ನಾನು ವಕೀಲನಲ್ಲ, ವಕೀಲರ ಗುಮಾಸ್ತ. ಪುಣೆ–ಬೆಂಗಳೂರು ಹೆದ್ದಾರಿಗೆ ತಾಗಿಕೊಂಡಿರುವ ಒಂದು ತಾಲ್ಲೂಕು ಕೋರ್ಟಿನ ಆವರಣದಲ್ಲಿ 1978ರಿಂದ ವಕಾಲತ್ತು ಬರೆದಿದ್ದೇನೆ, ಸ್ಟಾಂಪು ಅಂಟಿಸಿದ್ದೇನೆ, ಡೈರಿಯಲ್ಲಿ ವಾಯಿದೆ ಗುರುತು ಹಾಕಿದ್ದೇನೆ. ಜಮೀನಿನ ವ್ಯಾಜ್ಯ ನಮ್ಮ ಆಫೀಸಿನ ಮುದ್ದೆಯಾದರೆ ಮೋಟಾರು ಕೇಸು ಅದರ ಸಾರು. ಮುದ್ದೆ ವರ್ಷಗಟ್ಟಲೆ ಬೇಯುತ್ತದೆ. ಸಾರು ದಿನಾ ಬೇಕು.

ಮೋಟಾರು ಕೇಸಿನಲ್ಲಿ ಎರಡು ಜಾತಿ. ಒಂದನ್ನು ನಾವು ‘ಐಎಂವಿ ಕೇಸು’ ಅಂತೇವೆ. ಓವರ್‌ಲೋಡು, ಲೈಟಿಲ್ಲ, ಪರ್ಮಿಟ್ಟಿಲ್ಲ, ಲೈಸೆನ್ಸು ಮನೇಲಿ ಬಿಟ್ಟುಬಂದೆ ಎನ್ನುವಂಥವು. 1939ರ ಮೋಟಾರು ವಾಹನ ಕಾಯ್ದೆ ಹೋಗಿ 1988ರದ್ದು ಬಂದು, 1989ರ ಜುಲೈ 1ರಿಂದ ಜಾರಿಯಾದರೂ ನಮ್ಮ ಬಾಯಲ್ಲಿ ‘ಐಎಂವಿ’ (ಇಂಡಿಯನ್ ಮೋಟಾರ್ ವೆಹಿಕಲ್ಸ್) ಎಂಬ ಹಳೆಯ ಹೆಸರೇ ಉಳಿದಿದೆ. ಇನ್ನೊಂದು ಜಾತಿ ‘ಆಕ್ಸಿಡೆಂಟ್ ಕೇಸು’. ಅದು 2024ರವರೆಗೆ ದಂಡಸಂಹಿತೆಯದಾಗಿತ್ತು: ಅಡ್ಡಾದಿಡ್ಡಿ ಓಡಿಸಿದ್ದಕ್ಕೆ 279, ಗಾಯಕ್ಕೆ 337, 338, ಸಾವಿಗೆ 304ಎ.

ಈ ಎರಡು ಜಾತಿಯ ನಡುವಿನ ಗೆರೆಯನ್ನು ಡ್ರೈವರಿಗೆ ತೋರಿಸುವುದೇ ನಮ್ಮ ಅರ್ಧ ಕೆಲಸ. ಅದು ನನಗೆ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮಾರನೇ ವರ್ಷ.

ನಾಮಕ್ಕಲ್ ಕಡೆಯ ಲಾರಿ. ಡ್ರೈವರಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಒಂದೇ ದಿನ ಅವನ ಮೇಲೆ ಎರಡು ಕೇಸು ಕರೆಸಿದ್ದರು. ಮೊದಲನೆಯದು ಓವರ್‌ಲೋಡು. ‘ತಪ್ಪು ಒಪ್ಕೋತೀಯಾ?’ ಎಂದು ಕೇಳಿದಾಗ ಮಾಲೀಕನ ಕಡೆಯ ರೈಟರು ಹಿಂದಿನಿಂದ ತಿವಿದ. ಹುಡುಗ ಕೈಮುಗಿದು ‘ಆಮಾ ಸಾಮಿ’ ಎಂದ. ದಂಡ ಕಟ್ಟಿಸಿಕೊಂಡರು. ಸ್ವಲ್ಪ ಹೊತ್ತಿಗೆ ಜವಾನ ಮತ್ತೆ ಅವನ ಹೆಸರು ಕೂಗಿದ. ಈ ಸಲ 304ಎ, ಸೈಕಲ್ಲಿನವನೊಬ್ಬ ಸತ್ತಿದ್ದ. ಆರೋಪವನ್ನು ಕನ್ನಡದಲ್ಲಿ ಓದಿ ಹೇಳಿದರು. ಹುಡುಗ ಮತ್ತೆ ಕೈಮುಗಿದ. ‘ಆಮಾ’ ಎಂದು ಬಾಯಿ ತೆರೆಯುವಷ್ಟರಲ್ಲಿ, ಬೇರೆ ಕೇಸಿಗೆ ಕಾದು ಕೂತಿದ್ದ ನಮ್ಮ ಲಾಯರು ಎದ್ದು, ‘ಮಹಾಸ್ವಾಮಿ, ಇವನಿಗೆ ಭಾಷೆ ಬರೋದಿಲ್ಲ, ಒಂದು ವಾಯಿದೆ ಬೇಕು’ ಎಂದರು. ಅವನ ಪರ ವಕಾಲತ್ತೇ ಇರಲಿಲ್ಲ. ಹೊರಗೆ ಹುಣಸೆ ಮರದ ಕೆಳಗೆ ನಾನು ಬರೆದೆ, ಅವನು ತಮಿಳಿನಲ್ಲಿ ಸಹಿ ಹಾಕಿದ. ತಮಿಳು ಬಲ್ಲ ಢಾಬಾದ ಅಡುಗೆಯವನನ್ನು ಕರೆಸಿ ಕೇಳಿಸಿದಾಗ ಹುಡುಗ ಹೇಳಿದ್ದು ಇಷ್ಟು: ‘ಎರಡನೇದೂ ಲೋಡಿಂದೇ ಅಂದ್ಕೊಂಡೆ.’

ಸಂಜೆ ನಮ್ಮ ಲಾಯರು ನನ್ನನ್ನು ಕೂರಿಸಿಕೊಂಡು, ‘304ರ ಪಕ್ಕ ಈ ‘ಎ’ ಯಾಕೆ ಬಂತು ಗೊತ್ತೇನಯ್ಯಾ?’ ಎಂದರು. 1860ರ ದಂಡಸಂಹಿತೆಯಲ್ಲಿ ಅಜಾಗರೂಕತೆಯಿಂದಾದ ಸಾವಿಗೆ ಬೇರೆ ಕಲಮೇ ಇರಲಿಲ್ಲ. 1870ರಲ್ಲಿ ತಿದ್ದುಪಡಿ ಮಾಡಿ ತೂರಿಸಿದರು, ಅದಕ್ಕೇ ಬಾಲ. ಆಗ ದೇಶದಲ್ಲಿ ಒಂದು ಮೋಟಾರೂ ಇರಲಿಲ್ಲ. 279ನೇ ಕಲಮಿನಲ್ಲಂತೂ ಗಾಡಿ ಹೊಡೆಯುವವನ ಜೊತೆಗೆ ಸವಾರಿ ಮಾಡುವವನೂ ಇದ್ದ. ಜಟಕಾ, ಸಾರೋಟು, ಕುದುರೆಗೆ ಹೊಲಿದ ಅಂಗಿಯನ್ನು ಹತ್ತು ಟನ್ನಿನ ಲಾರಿಗೂ ತೊಡಿಸಿ 2024ರವರೆಗೆ ನಡೆಸಿದೆವು.

304ಎಗೆ ಹೆಚ್ಚೆಂದರೆ ಎರಡು ವರ್ಷ ಸಜೆಯಿತ್ತು, ಜಾಮೀನೂ ಸಿಗುತ್ತಿತ್ತು. ಎರಡು ವರ್ಷ ಮೀರದ್ದು ಸಮನ್ಸ್ ಕೇಸು. ಸಮನ್ಸ್ ಕೇಸಿನಲ್ಲಿ ಆರೋಪಿ ಒಪ್ಪಿಕೊಂಡರೆ, ಅವನು ಆಡಿದ ಮಾತನ್ನೇ ಆದಷ್ಟು ಹಾಗೆಯೇ ಬರೆದುಕೊಳ್ಳಬೇಕು ಎಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 252ನೇ ಕಲಮು ಹೇಳುತ್ತಿತ್ತು. ಮಾತು ಚೆನ್ನಾಗಿದೆ. ಆದರೆ ನಮ್ಮ ಡ್ರೈವರು ಆಡುವುದು ಎರಡೇ ಮಾತು: ‘ಹೌದು ಸ್ವಾಮಿ.’ ಅದು ಒಪ್ಪಿಗೆಯೋ, ಮರ್ಯಾದೆಯೋ, ‘ಬೇಗ ಬಿಡಿ’ ಎಂಬ ಬೇಡಿಕೆಯೋ ಕಾಗದದ ಮೇಲೆ ತಿಳಿಯುವುದಿಲ್ಲ. ಒಮ್ಮೆ ಒಪ್ಪಿಕೊಂಡರೆ ಮೇಲಿನ ಕೋರ್ಟಿನಲ್ಲಿ ‘ಶಿಕ್ಷೆ ಹೆಚ್ಚಾಯಿತು’ ಅಥವಾ ‘ಶಿಕ್ಷೆ ಕಾನೂನಿನಂತಿಲ್ಲ’ ಎನ್ನಬಹುದು; ‘ನಾನು ಮಾಡಿಲ್ಲ’ ಎನ್ನುವಂತಿಲ್ಲ.

ಹಾಗಿದ್ದರೂ ಯಾಕೆ ಒಪ್ಪಿಕೊಳ್ಳುತ್ತಿದ್ದರು? ಲೆಕ್ಕ ಸುಲಭ. ಲಾರಿ ಸ್ಟೇಷನ್ ಮುಂದೆ ಬಿಸಿಲಲ್ಲಿ ನಿಂತಿರುತ್ತದೆ. ಬ್ರೇಕ್ ಇನ್ಸ್‌ಪೆಕ್ಟರು ಬಂದು ನೋಡಿ ವರದಿ ಕೊಡುವವರೆಗೆ ಅಲುಗಾಡಿಸುವಂತಿಲ್ಲ. ಅಲ್ಲಿಂದ ಬಿಡಿಸಿಕೊಂಡರೂ ಕೇಸಿನ ವಾಯಿದೆ ತಿಂಗಳಿಗೊಂದು. ಪ್ರತಿ ವಾಯಿದೆಗೂ ಡ್ರೈವರು ಸೇಲಂನಿಂದಲೋ ಸಾಂಗ್ಲಿಯಿಂದಲೋ ಬರಬೇಕು, ಬರದಿದ್ದರೆ ವಾರಂಟು. ವಕೀಲರ ಫೀಸು ಕೊಡುವವನು ಮಾಲೀಕ. ಅವನಿಗೆ ಕೇಸು ಮುಗಿದರೆ ಸಾಕು. ಡ್ರೈವರಿಗೆ ಆಗಬೇಕಾದ್ದು ಬೇರೆ. ಅವನ ಲೈಸೆನ್ಸು, ನಾಳಿನ ಕೆಲಸ, ಮತ್ತೆ ಪರಿಹಾರದ ಕೇಸು. ಪರಿಹಾರಕ್ಕೆಂದೇ ಬೇರೆ ನ್ಯಾಯಮಂಡಳಿ ಮಾಡಲು ಮೋಟಾರು ಕಾಯ್ದೆಯ 1956ರ ತಿದ್ದುಪಡಿಯಲ್ಲಿ ದಾರಿಯಾಯಿತು. ಇಲ್ಲಿ ಡ್ರೈವರು ಅಂದ ‘ಹೌದು’ ಅಲ್ಲಿ ಸಾಕ್ಷಿಯಾಗಿ ಎದುರು ಬಂದು ಕೂರುತ್ತದೆ. ಒಬ್ಬನೇ ವಕೀಲ, ಇಬ್ಬರು ಕಕ್ಷಿಗಾರರು. ದುಡ್ಡು ಕೊಟ್ಟವನ ಮಾತು ಮೇಲಾಗುವುದು ಸಹಜ. ನಮ್ಮ ಲಾಯರೂ ದೇವರಲ್ಲ. ಕೆಲವು ಸಲ ಮಾಲೀಕನ ಮಾತಿಗೆ ತಲೆಯಾಡಿಸಿ ಡ್ರೈವರಿಂದ ಒಪ್ಪಿಸಿದ್ದನ್ನೂ ನಾನು ಕಂಡಿದ್ದೇನೆ, ಆ ಅರ್ಜಿಗಳನ್ನು ಟೈಪು ಮಾಡಿದವನೂ ನಾನೇ.

ಆ ರೂಢಿಗೆ ಪೆಟ್ಟು ಬಿದ್ದದ್ದು ನಮ್ಮ ರಾಜ್ಯದ್ದೇ ಒಂದು 304ಎ ಕೇಸಿನಿಂದ. ಆರೋಪಿ ಒಪ್ಪಿಕೊಂಡಿದ್ದ, ಮ್ಯಾಜಿಸ್ಟ್ರೇಟರು ದಂಡ ಹಾಕಿ ಬಿಟ್ಟಿದ್ದರು. ಸರ್ಕಾರ ಹೈಕೋರ್ಟಿಗೆ ಹೋಗಿ, ಅಲ್ಲಿ ಜೈಲು ಶಿಕ್ಷೆಯಾಯಿತು. ಸುಪ್ರೀಂ ಕೋರ್ಟು 1982ರಲ್ಲಿ ಅದನ್ನು ಒಪ್ಪಲಿಲ್ಲ. ಸಣ್ಣ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸುವುದು, ಆಮೇಲೆ ಆ ಒಪ್ಪಿಗೆಯ ಮೇಲೆಯೇ ದೊಡ್ಡ ಶಿಕ್ಷೆ ಹೇರುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ಹೇಳಿ, ವಿಚಾರಣೆ ಹೊಸದಾಗಿ ನಡೆಯಲಿ ಎಂದಿತು. ನಮ್ಮ ಲಾಯರು ಆ ತೀರ್ಪಿನ ಪುಟಕ್ಕೆ ಬಸ್ ಟಿಕೆಟ್ ಇಟ್ಟು ಗುರುತು ಮಾಡಿದ್ದರು. 1987ರಲ್ಲಿ ಇನ್ನೊಂದು ಬಂತು, ಅದೂ ಕರ್ನಾಟಕದ್ದೇ. ಸಾವಿನ ಕೇಸಿಗೆ ಹಾಕಿದ್ದ ಪುಡಿ ದಂಡವನ್ನು ನೋಡಿ ಸುಪ್ರೀಂ ಕೋರ್ಟು ಅದನ್ನು ಆರು ತಿಂಗಳ ಸಜೆಗೆ ಏರಿಸಿತು. ಎರಡನ್ನೂ ಜೊತೆಗಿಟ್ಟು ಓದಿದರೆ ಗುಮಾಸ್ತನಿಗೂ ಅರ್ಥವಾಗುತ್ತದೆ: ಮೋಸದಿಂದ ಒಪ್ಪಿಸಬೇಡಿ, ಒಪ್ಪಿಗೆಯನ್ನು ಅಗ್ಗವೂ ಮಾಡಬೇಡಿ.

ಅಲ್ಲಿಂದ ನಮ್ಮಲ್ಲಿ ಕೇಸು ನಡೆಸುವುದು ಹೆಚ್ಚಾಯಿತು. ನಡೆಸುವುದೆಂದರೆ ಮುಖ್ಯವಾಗಿ ಒಂದು ವಾಕ್ಯದ ಜೊತೆ ಗುದ್ದಾಟ. ಯಾವ ಠಾಣೆಯ ದೂರನ್ನಾದರೂ ತೆಗೆಯಿರಿ, ‘ಅತಿವೇಗ ಮತ್ತು ಅಜಾಗರೂಕತೆಯಿಂದ ಓಡಿಸಿಕೊಂಡು ಬಂದು’ ಎಂದೇ ಇರುತ್ತದೆ. ಎಮ್ಮೆಗೆ ಗುದ್ದಿದರೂ ಅದೇ, ಸೇತುವೆಗೆ ಗುದ್ದಿದರೂ ಅದೇ. ಸಾಕ್ಷಿ ಕಟಕಟೆಗೆ ಬಂದಾಗ ನಮ್ಮ ಲಾಯರ ಪಾಟೀಸವಾಲು ಹೀಗೆ ಶುರುವಾಗುತ್ತಿತ್ತು:

‘ಗೌಡ್ರೇ, ನೀವು ಯಾವತ್ತಾದ್ರೂ ಲಾರಿ ಓಡ್ಸಿದ್ದೀರಾ?’

‘ಇಲ್ಲ ಸ್ವಾಮಿ. ಎತ್ತಿನ ಗಾಡಿ.’

‘ಅತಿವೇಗ ಅಂದ್ರಲ್ಲ, ಗಂಟೆಗೆ ಎಷ್ಟು ಕಿಲೋಮೀಟ್ರು?’

‘ಜೋರು ಸ್ವಾಮಿ.’

‘ಜೋರು ಅಂದ್ರೆ?’

‘ಲಾರಿ ಜೋರು.’

ಕೋರ್ಟು ಹಾಲಿನಲ್ಲಿ ನಗು. ನ್ಯಾಯಾಧೀಶರು ‘ಜೋರಾಗಿ ಎಂದು ಹೇಳುತ್ತಾರೆ’ ಎಂದು ಬರೆಸುತ್ತಿದ್ದರು. ಇದು ಬರೀ ತಮಾಷೆಯಲ್ಲ ಎನ್ನುವುದು 1998ರಲ್ಲಿ ಖಾತ್ರಿಯಾಯಿತು. 1982ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲಿ ಹಳ್ಳ ದಾಟುವಾಗ ಲಾರಿಯೊಂದು ಮಗುಚಿ 15 ಜನ ಸತ್ತಿದ್ದರು. ಹೈಕೋರ್ಟು ಚಾಲಕನನ್ನು ಬಿಡುಗಡೆ ಮಾಡಿದ್ದಕ್ಕೆ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿತ್ತು. ವೇಗವಾಗಿ ಬಂದ ಎಂದ ಮಾತ್ರಕ್ಕೆ ಅಜಾಗರೂಕತೆ ಸಾಬೀತಾಗದು, ಅತಿವೇಗವೆಂದರೆ ಏನೆಂದು ಒಬ್ಬ ಸಾಕ್ಷಿಯೂ ಅಂದಾಜಿಗೂ ಹೇಳಿಲ್ಲ ಎಂದು ಆ ಕೋರ್ಟು ಬಿಡುಗಡೆಯನ್ನೇ ಎತ್ತಿಹಿಡಿಯಿತು. ಆ ತೀರ್ಪು ಬಂದ ಮೇಲೆ ‘ಜೋರು ಸ್ವಾಮಿ’ ಎನ್ನುವ ಸಾಕ್ಷಿಯ ಬೆಲೆ ಇಳಿಯಿತು.

ಇಲ್ಲಿ ನನಗೊಂದು ಮುಳ್ಳಿದೆ, ಮುಚ್ಚಿಡಲಾರೆ. ಬಿಡುಗಡೆಯಾದ ಡ್ರೈವರು ನಮ್ಮ ಲಾಯರ ಕಾಲಿಗೆ ಬಿದ್ದು ಹೋದ ಎಷ್ಟೋ ಸಂಜೆ, ಅದೇ ಹುಣಸೆ ಮರದ ಕೆಳಗೆ ಸತ್ತವನ ಹೆಂಡತಿ ಸೆರಗು ಬಾಯಿಗಿಟ್ಟು ಕೂತಿರುತ್ತಿದ್ದಳು. ಪೊಲೀಸರು ರಸ್ತೆಯ ಅಗಲ, ಟೈರು ಉಜ್ಜಿದ ಗುರುತು, ಸಾಕ್ಷಿ ನಿಂತಿದ್ದ ಜಾಗವನ್ನು ಮಹಜರಿನಲ್ಲಿ ಅಳೆದು ಬರೆದಿದ್ದರೆ ಅವಳಿಗೂ ನ್ಯಾಯ ಸಿಗುತ್ತಿತ್ತು, ತಪ್ಪಿಲ್ಲದ ಡ್ರೈವರಿಗೂ ಸಿಗುತ್ತಿತ್ತು. ಹಳಸಿದ ಒಂದು ವಾಕ್ಯ ಇಬ್ಬರನ್ನೂ ಕೆಡಿಸಿತು.

ದುಡ್ಡಿಲ್ಲದ ಡ್ರೈವರಿಗೆ ವಕೀಲರು? ಸಂವಿಧಾನದ 1976ರ ತಿದ್ದುಪಡಿಯಲ್ಲಿ 39ಎ ವಿಧಿ ಬಂತು, 1987ರಲ್ಲಿ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಬಂತು, ಅದು ಜಾರಿಯಾಗುವಾಗ 1995ರ ನವೆಂಬರ್ 9. ಪರಿಶಿಷ್ಟರು, ಹೆಂಗಸರು, ಬಂಧನದಲ್ಲಿರುವವರು, ಆದಾಯ ಕಡಿಮೆ ಇರುವವರು, ಇಂಥವರಿಗೆಲ್ಲ ಉಚಿತ ವಕೀಲರು. ಆದಾಯಕ್ಕೆ ಅಫಿಡವಿಟ್ಟೇ ಸಾಕೆಂದು ಕಾಯ್ದೆಯಲ್ಲೇ ಇದೆ. ಹೊರರಾಜ್ಯದ ಡ್ರೈವರಿಗೆ ತಹಸೀಲ್ದಾರರ ಸರ್ಟಿಫಿಕೇಟು ಎಲ್ಲಿಂದ ಬರಬೇಕು? ಆ ಅಫಿಡವಿಟ್ಟುಗಳನ್ನು ಕಾಸು ತೆಗೆದುಕೊಳ್ಳದೆ ಟೈಪು ಮಾಡಿಕೊಟ್ಟದ್ದು ನನ್ನ ಲೆಕ್ಕದಲ್ಲಿ ಪುಣ್ಯದ ಕಡೆ ಇದೆ.

ಡ್ರೈವರು ನಮ್ಮನ್ನು ಕೇಳುವ ಮೊದಲ ಪ್ರಶ್ನೆ ಮಾತ್ರ ಕೋರ್ಟಿನದಲ್ಲ, ರಸ್ತೆಯದು: ‘ನಿಲ್ಲಬೇಕಾ, ಓಡಬೇಕಾ?’ 1988ರ ಕಾಯ್ದೆಯ 134ನೇ ಕಲಮು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸು ಎನ್ನುತ್ತದೆ, ಜನರ ರೊಚ್ಚಿನಿಂದ ಆಗದಿದ್ದರೆ ಆ ಮಾತು ಬೇರೆ ಎಂದೂ ಸೇರಿಸುತ್ತದೆ. ಆದ್ದರಿಂದ ನಮ್ಮ ಲಾಯರ ಉತ್ತರ ಒಂದೇ: ‘ಜನ ಹೊಡೆಯೋಕೆ ಬಂದ್ರೆ ಓಡು, ಆದ್ರೆ ಊರಿಗಲ್ಲ, ಸೀದಾ ಸ್ಟೇಷನ್ನಿಗೆ.’ 2024ರ ಜನವರಿ ಮೊದಲ ವಾರ ಲಾರಿಗಳು ದೇಶದ ಹಲವೆಡೆ ನಿಂತು ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆದದ್ದು ಇದೇ ಪ್ರಶ್ನೆಗೆ. ಹೊಸ ಭಾರತೀಯ ನ್ಯಾಯ ಸಂಹಿತೆಯ 106(2), ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿದವನಿಗೆ ಹತ್ತು ವರ್ಷದವರೆಗೆ ಸಜೆ ಎನ್ನುತ್ತಿತ್ತು. ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ಮಾತ್ರ ತಡೆಹಿಡಿದರು. ಆದರೆ 304ಎ ಇದ್ದ ಜಾಗಕ್ಕೆ ಬಂದ 106(1) ಎರಡು ವರ್ಷವನ್ನು ಐದು ಮಾಡಿದೆ. ಸಮನ್ಸ್ ಕೇಸು ವಾರಂಟ್ ಕೇಸಾಯಿತು. ಡೈರಿಯಲ್ಲಿ ನಾನು ಹಾಕುವ ಗುರುತೇ ಬದಲಾಯಿತು.

ಐಎಂವಿ ಕಡೆ ಕೋರ್ಟು ಹಾಲೇ ಖಾಲಿಯಾಗುತ್ತಿದೆ. ಅಂಚೆಯಲ್ಲಿ ತಪ್ಪೊಪ್ಪಿಗೆ ಕಳಿಸಿ ದಂಡ ಕಟ್ಟುವ ದಾರಿ ಕಾಯ್ದೆಯಲ್ಲಿ ಮೊದಲಿಂದಲೂ ಇತ್ತು. ನಮ್ಮ ಕೋರ್ಟಿಗೆ ಅಂಥ ಒಂದು ಕಾಗದ ಬಂದದ್ದು ನಾನು ಕಾಣೆ. ಈಗ ಅದು ಮೊಬೈಲಿಗೆ ಬಂದಿದೆ. 2019ರ ಸೆಪ್ಟೆಂಬರಿನಲ್ಲಿ ದಂಡಗಳು ಏರಿದವು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಎಂದಾಗ ಬೆಂಗಳೂರಿನಲ್ಲೇ ನೂರು ಕೋಟಿ ರೂಪಾಯಿಗೂ ಹೆಚ್ಚು ಕಟ್ಟಿದರು. ವಕೀಲರು ಬೇಡ, ಗುಮಾಸ್ತ ಬೇಡ, ಬೆರಳು ಒತ್ತಿದರೆ ಮುಗಿಯಿತು. ಒಳ್ಳೆಯದೇ.

ಮೊನ್ನೆ ಟೊಮೆಟೊ ಗಾಡಿ ಓಡಿಸುವ ಹುಡುಗನೊಬ್ಬ ನಮ್ಮ ಆಫೀಸಿಗೆ ಬಂದ. ಈಗ ಅಲ್ಲಿ ಕೂರುವವರು ನಮ್ಮ ಲಾಯರ ಮಗಳು. ಹುಡುಗ ಫೋನು ಚಾಚಿ, ‘ಅಣ್ಣ, ಎರಡು ಮೆಸೇಜು ಬಂದಿವೆ, ಎರಡಕ್ಕೂ ಎಷ್ಟಾಗುತ್ತೆ ನೋಡಿ ಕಟ್ಟಿಬಿಡಿ’ ಎಂದ. ಮೊದಲನೆಯದು ಸಿಗ್ನಲ್ ದಾಟಿದ್ದಕ್ಕೆ. ಎರಡನೆಯದು ಸಮನ್ಸು, ಅದರಲ್ಲಿ 281, 106 ಎಂದಿತ್ತು, ಹಳೆಯ 279, 304ಎ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದೆ. ‘ಇದು ಲೋಡಿಂದಲ್ಲಪ್ಪ, ಕೂತ್ಕೋ’ ಎಂದೆ. ಯಾವ ಲೋಡು ಎಂದು ಅವನಿಗೆ ಅರ್ಥವಾಗಲಿಲ್ಲ. ವಕಾಲತ್ತಿನ ಹಾಳೆ ತೆಗೆದು ಅವನ ಹೆಸರು ಕೇಳಿದೆ.